ಲಂಡನ್‌ನಲ್ಲಿ ಶ್ರೀರಂಗಪಟ್ಟಣ ಹುಡುಕುತ್ತಾ

ಅಮ್ಮನ ತವರು ಗಂಜಾಂ. ಶ್ರೀರಂಗಪಟ್ಟಣದ ಕೋಟೆ ದಾಟಿ ಸಂಗಮಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಅಲ್ಲೇ ಹತ್ತಿರ. ಅಮ್ಮ ಚಿಕ್ಕವಳಿದ್ದಾಗ ರಜೆ ಬಂತು ಅಂದರೆ ಮಕ್ಕಳೆಲ್ಲ ಆ ತೋಟದಲ್ಲೇ ಇರುತ್ತಿದ್ದರಂತೆ. ನಾನು ಓದಿದ ಶಾಲೆಯ ಪುಸ್ತಕದಲ್ಲಿ ಮೈಸೂರು ಯುದ್ಧಗಳ ಪಾಠ 1799ರ ಮೇ 4ಕ್ಕೆ ಮುಗಿಯುತ್ತಿತ್ತು. ಕೋಟೆ ಬಿತ್ತು, ಟಿಪ್ಪು ಸತ್ತ. ಗೆದ್ದವರು ಆಮೇಲೆ ಏನಾದರು, ಕೊಳ್ಳೆ ಹೊಡೆದದ್ದೆಲ್ಲ ಎಲ್ಲಿ ಹೋಯಿತು ಅಂತ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅದರ ಮುಂದಿನ ಕಥೆ ಲಂಡನ್‌ನಲ್ಲಿದೆ. ತಂಗಿ ಹೌನ್ಸ್ಲೋದಲ್ಲಿ ಮನೆ ಮಾಡಿದ ಮೇಲೆ ಅಮ್ಮನನ್ನು ಕರೆದುಕೊಂಡು ಸೆಪ್ಟೆಂಬರ್‌ನಲ್ಲಿ ಹೋಗಿಬಂದೆ. ಎಲ್ಲರೂ ನೋಡುವ ಜಾಗಗಳನ್ನೇ ನಾವೂ ನೋಡಿದ್ದು. ಆದರೆ ಶ್ರೀರಂಗಪಟ್ಟಣದ ಕಣ್ಣಲ್ಲಿ ನೋಡಿದೆವು.

ಸೋಮವಾರ: ವೆಸ್ಟ್‌ಮಿನ್‌ಸ್ಟರ್

ಲಂಡನ್‌ನಲ್ಲಿ ಓಡಾಡುವುದು ಸುಲಭ. ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಮುಟ್ಟಿಸಿದರೆ ಸಾಕು, ರೈಲಿಗೂ ಬಸ್ಸಿಗೂ ಅದೇ. ದಿನಕ್ಕೆ ಇಂತಿಷ್ಟು ಅಂತ ಮಿತಿ ಇದೆ. ಅದು ದಾಟಿದ ಮೇಲೆ ಎಷ್ಟು ಸುತ್ತಿದರೂ ದುಡ್ಡು ಕಡಿತ ಆಗುವುದಿಲ್ಲ. ಒಂದೇ ಸಂಗತಿ ನೆನಪಿಡಬೇಕು: ಒಬ್ಬೊಬ್ಬರಿಗೂ ಬೇರೆ ಕಾರ್ಡು ಬೇಕು.

ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಮೇಲೆ ಬಂದರೆ ಬಿಗ್ ಬೆನ್ ಗೋಪುರ ತಲೆ ಮೇಲೇ ನಿಂತಿರುತ್ತದೆ. 96 ಮೀಟರ್ ಎತ್ತರ. 2017ರಿಂದ 2022ರವರೆಗೆ ದುರಸ್ತಿ ನಡೆದು, ಗಡಿಯಾರದ ಮುಳ್ಳುಗಳಿಗೆ ಮೊದಲಿದ್ದ ನೀಲಿ ಬಣ್ಣ ಮತ್ತೆ ಬಂದಿದೆ. ಗಂಟೆ ಹೊಡೆಯುವಾಗ ಕೆಳಗೆ ನಿಂತು ಕೇಳಬೇಕು. ಎದೆಗೇ ಬಂದು ತಾಗುತ್ತದೆ.

ಪಕ್ಕದಲ್ಲೇ ವೆಸ್ಟ್‌ಮಿನ್‌ಸ್ಟರ್ ಅಬೆ. 1066ರಿಂದ ಇಂಗ್ಲೆಂಡಿನ ರಾಜರಿಗೆ ಪಟ್ಟಾಭಿಷೇಕ ನಡೆಯುವುದು ಇಲ್ಲೇ. ಟಿಕೆಟ್ ದುಬಾರಿ, ಆದರೂ ಹೋಗಬೇಕು. ನ್ಯೂಟನ್, ಡಾರ್ವಿನ್ ಇಬ್ಬರ ಸಮಾಧಿಯೂ ಒಳಗಿವೆ. ನಾನು ಹುಡುಕಿಕೊಂಡು ಹೋದದ್ದು ಸರ್ ಐರ್ ಕೂಟ್‌ನ ಸ್ಮಾರಕವನ್ನು. 1781ರಲ್ಲಿ ಪೋರ್ಟೊ ನೋವೊದಲ್ಲಿ, ಅಂದರೆ ಈಗಿನ ತಮಿಳುನಾಡಿನ ಪರಂಗಿಪೇಟೆಯಲ್ಲಿ, ಹೈದರಾಲಿಯನ್ನು ಸೋಲಿಸಿದ ದಂಡನಾಯಕ ಇವನು. ಈಸ್ಟ್ ಇಂಡಿಯಾ ಕಂಪನಿಯವರೇ ದುಡ್ಡು ಹಾಕಿ ಮಾಡಿಸಿದ್ದು. ದೊಡ್ಡ ಬಿಳಿ ಕಲ್ಲಿನ ಕೆಲಸ. ಅದರಲ್ಲಿ ಸೆರೆಸಿಕ್ಕ ಭಾರತೀಯನೊಬ್ಬನ ಶಿಲ್ಪವೂ ಇದೆ. ಜನ ನ್ಯೂಟನ್ ಕಡೆ ಹೋಗುತ್ತಿದ್ದರು, ಇಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಅಮ್ಮ ಮಾತ್ರ ಆ ಕೈದಿಯ ಮುಖವನ್ನೇ ನೋಡುತ್ತಾ ನಿಂತಳು. "ಇವನ ಹೆಸರು ಹಾಕಿಲ್ವಲ್ಲೇ" ಅಂದಳು.

ಮಧ್ಯಾಹ್ನ ಲ್ಯಾಂಬೆತ್ ಸೇತುವೆ ದಾಟಿ ಥೇಮ್ಸ್‌ನ ಆಚೆ ದಡಕ್ಕೆ ಹೋದೆವು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅನ್ನುವ ದಂಡೆಯ ಮೇಲೆ ನಮ್ಮ ಬಸವಣ್ಣನವರ ಪ್ರತಿಮೆ ಇದೆ. ಕಲಬುರಗಿ ಮೂಲದ ನೀರಜ್ ಪಾಟೀಲ್ ಲ್ಯಾಂಬೆತ್‌ನ ಮೇಯರ್ ಆಗಿದ್ದವರು. ಅವರು ಹಟ ಹಿಡಿದು ಮಾಡಿಸಿದ ಕೆಲಸ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಅನುಭವ ಮಂಟಪ ಕಟ್ಟಿದವರನ್ನು ಪಾರ್ಲಿಮೆಂಟ್ ಇರುವ ನದಿಯ ದಂಡೆಯಲ್ಲೇ ತಂದು ನಿಲ್ಲಿಸಿರುವುದು ನನಗೆ ತುಂಬಾ ಹಿಡಿಸಿತು. ಅಮ್ಮ ಚಪ್ಪಲಿ ಬಿಟ್ಟು ಕೈ ಮುಗಿದಳು. ಪಕ್ಕದಲ್ಲಿ ಓಡುತ್ತಿದ್ದ ಹುಡುಗಿಯೊಬ್ಬಳು ನಿಂತು ಇವರು ಯಾರು ಅಂತ ಕೇಳಿದಳು. ತಂಗಿ ಹತ್ತು ನಿಮಿಷ ಹೇಳಿದಳು, ಅವಳೂ ಪೂರ್ತಿ ಕೇಳಿಸಿಕೊಂಡಳು.

ಮಂಗಳವಾರ: ಟವರ್ ಆಫ್ ಲಂಡನ್

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತುಕೊಳ್ಳಿ, ಸೀದಾ ರಾಜಮನೆತನದ ಒಡವೆಗಳ ಮನೆಗೆ ನಡೆಯಿರಿ. ಹನ್ನೊಂದಾದರೆ ಕ್ಯೂ ಬೆಳೆಯುತ್ತದೆ. ನಡುವಿನ ಬಿಳಿ ಗೋಪುರ ಕಟ್ಟಿಸಿದ್ದು ಇಂಗ್ಲೆಂಡ್ ಗೆದ್ದ ವಿಲಿಯಂ ದೊರೆ, 11ನೇ ಶತಮಾನದಲ್ಲಿ. ಅರಮನೆ, ಜೈಲು, ಟಂಕಸಾಲೆ ಎಲ್ಲಾ ಆಗಿತ್ತು ಈ ಕೋಟೆ. ಎಂಟನೇ ಹೆನ್ರಿಯ ಹೆಂಡತಿ ಆನ್ ಬೊಲಿನ್‌ಳ ತಲೆ ತೆಗೆದದ್ದು 1536ರಲ್ಲಿ, ಇಲ್ಲೇ. ಕಾಗೆ ಜಾತಿಯ ದೊಡ್ಡ ರೇವನ್ ಹಕ್ಕಿಗಳನ್ನು ಸಾಕಿದ್ದಾರೆ. ಆರಕ್ಕಿಂತ ಕಮ್ಮಿಯಾದರೆ ರಾಜ್ಯ ಬೀಳುತ್ತದೆ ಅಂತ ಅವರ ನಂಬಿಕೆ.

ಒಡವೆಗಳನ್ನು ನಿಂತು ನೋಡುವ ಹಾಗಿಲ್ಲ. ಕಿರೀಟಗಳ ಪಕ್ಕ ನೆಲವೇ ಸರಿಯುತ್ತದೆ, ಅದರ ಮೇಲೆ ನಿಂತರೆ ಅದೇ ಕರೆದುಕೊಂಡು ಹೋಗುತ್ತದೆ. ಫೋಟೋ ಇಲ್ಲ. ಕೊಹಿನೂರ್ ಇರುವುದು 1937ರಲ್ಲಿ ರಾಣಿ ಎಲಿಜಬೆತ್‌ಗೆ, ಅಂದರೆ ಈಚೆಗೆ ತೀರಿಕೊಂಡ ರಾಣಿಯ ತಾಯಿಗೆ, ಮಾಡಿಸಿದ ಕಿರೀಟದ ಮುಂಭಾಗದಲ್ಲಿ. "ಇಷ್ಟೇನಾ?" ಅಂದಳು ಅಮ್ಮ. ಬಂದಾಗ ಇನ್ನೂ ದೊಡ್ಡದಿತ್ತು. 1849ರಲ್ಲಿ ಲಾಹೋರಿನ ಹತ್ತು ವರ್ಷದ ಮಹಾರಾಜ ದುಲೀಪ್ ಸಿಂಗ್ ಕೈಯಲ್ಲಿ ಸಹಿ ಹಾಕಿಸಿ ತೆಗೆದುಕೊಂಡಾಗ ಸುಮಾರು 186 ಕ್ಯಾರಟ್. ಹೊಳಪು ಸಾಲದು ಅಂತ 1852ರಲ್ಲಿ ಮತ್ತೆ ಸಾಣೆ ಹಿಡಿದರು, 105.6 ಕ್ಯಾರಟ್‌ಗೆ ಇಳಿಯಿತು.

ಆ ಕೆಲಸಕ್ಕೆ ಮೊದಲ ಕೈ ಹಾಕಿದ್ದು ಯಾರು ಗೊತ್ತಾ? ಡ್ಯೂಕ್ ಆಫ್ ವೆಲಿಂಗ್ಟನ್. ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು. ಅದಕ್ಕೂ ಮೊದಲು ಅವನು ಬರೀ ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನಪೇಟೆ ತೋಪಿನಲ್ಲಿ ರಾತ್ರಿ ದಾಳಿ ಮಾಡಲು ಹೋಗಿ ಟಿಪ್ಪುವಿನ ಸೈನಿಕರಿಂದ ಪೆಟ್ಟು ತಿಂದು ಹಿಂದೆ ಬಂದವನು. ಕೋಟೆ ಬಿದ್ದ ಮೇಲೆ ಅದರ ಆಡಳಿತ ಅವನ ಕೈಗೇ ಬಂತು. ವಾಸ ಮಾಡಿದ್ದು ದರಿಯಾ ದೌಲತ್‌ನಲ್ಲಿ! ಮುಂದೆ 1826ರಿಂದ ಸಾಯುವವರೆಗೂ ಈ ಟವರ್‌ನ ಅಧಿಪತಿ ಅವನೇ. ಈಗ ಒಡವೆಗಳನ್ನು ಇಟ್ಟಿರುವ ಕಟ್ಟಡದ ಹೆಸರು ವಾಟರ್‌ಲೂ ಬ್ಲಾಕ್. ಅದನ್ನು ಕಟ್ಟಿಸಿದ್ದೂ ಅವನ ಕಾಲದಲ್ಲೇ. ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಲೆಕ್ಕ ಹಾಕುವವಳ ಹಾಗೆ ಸುಮ್ಮನಿದ್ದಳು. "ಹಂಗಾದ್ರೆ ನಾವು ಆಡ್ತಿದ್ದ ತೋಟದಲ್ಲಿ ಇದ್ದೋನೇ ಇಲ್ಲೂ ಇದ್ದದ್ದು" ಅಂದಳು.

2023ರಲ್ಲಿ ಪ್ರದರ್ಶನವನ್ನು ಹೊಸದಾಗಿ ಜೋಡಿಸಿದಾಗ, ಕೊಹಿನೂರ್ ಯುದ್ಧದ ಗೆಲುವಿನ ಗುರುತಾಗಿ ಕೈ ಬದಲಾಯಿಸುತ್ತಾ ಬಂದದ್ದು ಅನ್ನುವುದನ್ನು ನೇರವಾಗಿ ಹೇಳಿದ್ದಾರೆ. ಇದು ಒಳ್ಳೆಯ ಕೆಲಸ. ಇಷ್ಟು ವರ್ಷ ತಡವಾಗಿ ಆದರೂ ಸರಿ.

ಹೊರಗೆ ಬಂದರೆ ಟವರ್ ಬ್ರಿಡ್ಜ್. 1894ರದ್ದು. ಹಡಗು ಬಂದರೆ ರಸ್ತೆಯೇ ಎರಡು ಹೋಳಾಗಿ ಮೇಲಕ್ಕೆ ಏಳುತ್ತದೆ. ಮೊದಲು ಉಗಿಯಿಂದ ನಡೆಯುತ್ತಿತ್ತು, 1976ರಿಂದ ವಿದ್ಯುತ್ತು. ಯಾವಾಗ ಏಳುತ್ತದೆ ಅಂತ ವೆಬ್‌ಸೈಟ್‌ನಲ್ಲಿ ಮೊದಲೇ ಹಾಕಿರುತ್ತಾರೆ, ನೋಡಿಕೊಂಡು ಹೋಗಿ.

ಬುಧವಾರ: ಹುಲಿ

ಹೌನ್ಸ್ಲೋದಿಂದ ಪಿಕಡಿಲಿ ಲೈನ್ ಹಿಡಿದರೆ ಸೌತ್ ಕೆನ್ಸಿಂಗ್ಟನ್‌ಗೆ ನೇರ ರೈಲು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅಲ್ಲಿದೆ. ಎಲ್ಲರೂ ವಿ ಅಂಡ್ ಎ ಅಂತಾರೆ. ಪ್ರವೇಶ ಉಚಿತ. ಎದುರಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ನೀಲಿ ತಿಮಿಂಗಿಲದ ಅಸ್ಥಿಪಂಜರ ಚಾವಣಿಯಿಂದ ಇಳಿಬಿದ್ದಿದೆ. ಮಕ್ಕಳಿದ್ದರೆ ಬಿಡಬೇಡಿ. ನಮಗೆ ಟಿಪ್ಪುವಿನ ಮರದ ಹುಲಿ ನೋಡುವ ಆತುರ.

ನಾವು ಹೋದಾಗ ಅದು ದಕ್ಷಿಣ ಏಷ್ಯಾದ 41ನೇ ಕೋಣೆಯಲ್ಲಿತ್ತು. ಆ ಗ್ಯಾಲರಿಯನ್ನು ಹೊಸದು ಮಾಡುವ ಯೋಜನೆ ಇದೆ. ಹಾಗಾಗಿ ಈಗ ಹೋಗುವವರು ಎಲ್ಲಿಟ್ಟಿದ್ದಾರೆ ಅಂತ ಕೇಳಿಕೊಂಡೇ ಹೋಗಿ.

ಗಾಜಿನ ಪೆಟ್ಟಿಗೆಯೊಳಗೆ ಮರದ ಹುಲಿ. ಹತ್ತಿರ ಹತ್ತಿರ ನಿಜವಾದ ಹುಲಿಯ ಅಳತೆ. ಕೆಳಗೆ ಅಂಗಾತ ಬಿದ್ದಿರುವ ಬಿಳಿಯ. ಕರಿ ಟೋಪಿ, ಹೂವಿನ ಚಿತ್ತಾರದ ಕೆಂಪು ಕೋಟು. ಹುಲಿಯ ಹಲ್ಲು ಅವನ ಕುತ್ತಿಗೆಯಲ್ಲಿ ಊರಿದೆ. ಪಕ್ಕದಲ್ಲಿ ತಿರುಗಿಸುವ ಹಿಡಿ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ತಳ್ಳುತ್ತವೆ. ಬಿದ್ದವನ ಕೈ ಬಾಯಿಯ ಹತ್ತಿರ ಏಳುತ್ತದೆ, ಇಳಿಯುತ್ತದೆ. ಅವನ ಬಾಯಿಂದ ನರಳಾಟ, ಹುಲಿಯಿಂದ ಗುರ್ ಅನ್ನುವ ಸದ್ದು. ಹುಲಿಯ ಪಕ್ಕೆಯ ಬಾಗಿಲು ತೆಗೆದರೆ ಒಳಗೆ ದಂತದ ಗುಂಡಿಗಳ ಸಾಲು, ನಮ್ಮ ಹಾರ್ಮೋನಿಯಂ ಹಾಗೆ ನುಡಿಸಬಹುದು. ಈಗ ಯಾರಿಗೂ ಮುಟ್ಟಲು ಬಿಡುವುದಿಲ್ಲ. ತಂಗಿ ಮೊಬೈಲಿನಲ್ಲಿ ಅದರ ಧ್ವನಿಯ ವಿಡಿಯೋ ಹುಡುಕಿ ಅಮ್ಮನ ಕಿವಿಗೆ ಇಯರ್‌ಫೋನ್ ಇಟ್ಟಳು. ಅಮ್ಮ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಬಿದ್ದವನ ಕೈಯನ್ನೇ ನೋಡುತ್ತಾ ಕೇಳಿಸಿಕೊಂಡಳು.

"ಇದನ್ನ ಮಾಡಿದ ಬಡಗಿ ನಮ್ಮ ಕಡೆಯೋನೇ ಇರ್ಬೇಕು ಕಣೇ. ಚೆನ್ನಾಗವ್ನೆ ಹುಲಿ" ಅಂದಳು.

ಜನರಲ್ ಹೆಕ್ಟರ್ ಮನ್ರೋನ ಮಗನನ್ನು 1792ರಲ್ಲಿ ಬಂಗಾಳದ ಹತ್ತಿರದ ದ್ವೀಪವೊಂದರಲ್ಲಿ ಹುಲಿ ಕೊಂದಿತು, ಅದೇ ಈ ಬೊಂಬೆಗೆ ಪ್ರೇರಣೆ ಅನ್ನುವ ಮಾತಿದೆ. ಇರಬಹುದು. ಹುಲಿ ಟಿಪ್ಪುವಿನ ಲಾಂಛನವಂತೂ ಹೌದು. ಬಟ್ಟೆ, ಕತ್ತಿ, ಫಿರಂಗಿ ಎಲ್ಲದರ ಮೇಲೂ ಹುಲಿಪಟ್ಟೆ. ಕೋಟೆ ಬಿದ್ದಾಗ ಅರಮನೆಯ ಸಂಗೀತದ ಕೋಣೆಯಲ್ಲಿ ಸಿಕ್ಕ ಈ ಹುಲಿ ಹಡಗು ಹತ್ತಿ ಬಂತು. 1808ರಿಂದ ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಯಲ್ಲಿ ಜನರಿಗೆ ತೋರಿಸಿದರು. ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದುತ್ತಾ ಕೂತವರಿಗೆ ಸಾಕಾಗಿಹೋಗಿತ್ತಂತೆ. 1880ರಲ್ಲಿ ಈ ಮ್ಯೂಸಿಯಂಗೆ ಬಂತು. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಚಾವಣಿ ಕುಸಿದು ನೂರಾರು ಚೂರಾಯಿತು. ಅದನ್ನೆಲ್ಲ ಕೂಡಿಸಿ ಮತ್ತೆ ಹುಲಿ ಮಾಡಿದ್ದಾರೆ. ಆ ಶ್ರದ್ಧೆಗೆ ನಾನು ಮನಸ್ಸಿನಿಂದ ವಂದಿಸುತ್ತೇನೆ.

ಆದರೂ ಒಂದು ಮಾತು ಹೇಳಲೇಬೇಕು. ಟಿಪ್ಪುವಿನ ಬಗ್ಗೆ ನಮ್ಮಲ್ಲಿ ನೂರು ವಾದ ಇರಲಿ. ಈ ಹುಲಿ ಕಾವೇರಿ ದಂಡೆಯಲ್ಲಿದ್ದದ್ದು. ಶ್ರೀರಂಗಪಟ್ಟಣದ ಶಾಲೆ ಮಕ್ಕಳು ಒಮ್ಮೆಯಾದರೂ ಇದನ್ನು ಕಣ್ಣಾರೆ ನೋಡಬೇಕು. ಶಾಶ್ವತವಾಗಿ ಕೊಡದಿದ್ದರೆ ಒಂದು ವರ್ಷದ ಮಟ್ಟಿಗಾದರೂ ಕಳಿಸಿಕೊಡಲಿ. ಅದನ್ನು ಇಟ್ಟುಕೊಳ್ಳಲು ತಕ್ಕ ಮ್ಯೂಸಿಯಂ ನಾವೂ ಕಟ್ಟಬೇಕು. ಕೇಳುವವರಿಗೆ ಆ ಹೊಣೆಯೂ ಇದೆ ಅಲ್ವಾ.

ಪಕ್ಕದ ಕೋಣೆಯಲ್ಲಿ ಇರಾನಿನ ಅರ್ದಬೀಲ್ ಜಮಖಾನ ನೆಲದ ಮೇಲೇ ಹಾಸಿದೆ, ಸುತ್ತ ಗಾಜು. ಬಣ್ಣ ಮಾಸಬಾರದು ಅಂತ ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹಾಕುತ್ತಾರೆ. ದೀಪ ಬರುವವರೆಗೆ ಬೆಂಚಿನ ಮೇಲೆ ಕೂತು ಕಾದೆವು.

ಗುರುವಾರ: ಸೇಂಟ್ ಪಾಲ್ಸ್

1666ರಲ್ಲಿ ಪುಡ್ಡಿಂಗ್ ಲೇನ್‌ನ ಬ್ರೆಡ್ ಅಂಗಡಿಯಿಂದ ಹೊತ್ತಿದ ಬೆಂಕಿ ಹಳೆಯ ಲಂಡನ್ನನ್ನೂ ಹಳೆಯ ಸೇಂಟ್ ಪಾಲ್ಸ್ ಚರ್ಚನ್ನೂ ಸುಟ್ಟಿತು. ಕ್ರಿಸ್ಟೋಫರ್ ರೆನ್ 1675ರಲ್ಲಿ ಈಗಿನದನ್ನು ಕಟ್ಟಲು ಶುರು ಮಾಡಿದ. ಗುಮ್ಮಟದ ಕೆಳಗೆ ನಿಂತು ಕತ್ತೆತ್ತಿದರೆ ಕರ್ನಾಟಕದವರಿಗೆ ನೆನಪಾಗುವುದು ವಿಜಯಪುರದ ಗೋಲ ಗುಂಬಜ್. ಎರಡೂ ಹೆಚ್ಚುಕಮ್ಮಿ ಒಂದೇ ಕಾಲದವು, ಎರಡರಲ್ಲೂ ಪಿಸುಮಾತು ಕೇಳುವ ಗ್ಯಾಲರಿ. ನಮ್ಮ ಗುಮ್ಮಟ ಇದಕ್ಕಿಂತ ಅಗಲ, ಒಂದೇ ಪದರ, ಭಾರವೆಲ್ಲ ಅದರ ಮೇಲೇ. ರೆನ್ ಮಾಡಿದ್ದು ಮೂರು ಪದರ. ಒಳಗಿನಿಂದ ಕಾಣುವುದು ಒಂದು, ಹೊರಗಿನಿಂದ ಕಾಣುವ ಸೀಸ ಹೊದೆಸಿದ ಮರದ್ದು ಇನ್ನೊಂದು. ನಡುವೆ ಯಾರಿಗೂ ಕಾಣದ ಇಟ್ಟಿಗೆಯ ಶಂಕು. ತುದಿಯ ಕಲ್ಲಿನ ಭಾರ ಹೊತ್ತಿರುವುದು ಆ ಶಂಕು. ಎರಡೂ ದೊಡ್ಡ ಬುದ್ಧಿಯ ಕೆಲಸ, ದಾರಿ ಬೇರೆ.

ನೆಲಮಾಳಿಗೆಯಲ್ಲಿ ರೆನ್‌ನ ಸರಳ ಸಮಾಧಿ. ಅವನ ಸ್ಮಾರಕ ಬೇಕಿದ್ದರೆ ಸುತ್ತ ನೋಡಿ ಅಂತ ಲ್ಯಾಟಿನ್‌ನಲ್ಲಿ ಬರೆದಿದೆ. ಸ್ವಲ್ಪ ದೂರದಲ್ಲಿ ವೆಲಿಂಗ್ಟನ್. ದೊಡ್ಡ ಕಲ್ಲಿನ ಪೆಟ್ಟಿಗೆ, ಬುಡದಲ್ಲಿ ಮಲಗಿದ ಸಿಂಹಗಳು. ಮೇಲೆ ಕಾರ್ನ್‌ವಾಲಿಸ್‌ನ ಸ್ಮಾರಕವೂ ಇದೆ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದವನು, ಮರುವರ್ಷ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನು. ಅಮ್ಮ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. "ಮಕ್ಕಳನ್ನ ಒತ್ತೆ ಇಟ್ಕೊಳೋದು ಯಾವ ಯುದ್ಧ" ಅಂದು ಮುಂದೆ ನಡೆದಳು.

ಮಳೆ ಹಿಡಿಯಿತು. ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನಲ್ಲಿ ಟ್ರಫಾಲ್ಗರ್ ಚೌಕಕ್ಕೆ ಹೋಗಿ ನ್ಯಾಷನಲ್ ಗ್ಯಾಲರಿ ನೋಡಿದೆವು. ವ್ಯಾನ್ ಗೋನ ಸೂರ್ಯಕಾಂತಿ ಮುಂದೆ ಜನಜಂಗುಳಿ. ನನಗೆ ಟರ್ನರ್‌ನ ಹಳೇ ಯುದ್ಧನೌಕೆಯ ಚಿತ್ರವೇ ಸಾಕಾಯಿತು.

ಶುಕ್ರವಾರ: ಬ್ರಿಟಿಷ್ ಮ್ಯೂಸಿಯಂ

ಶುಕ್ರವಾರ ರಾತ್ರಿ ಎಂಟೂವರೆಯವರೆಗೆ ತೆಗೆದಿರುತ್ತದೆ. ಸಂಜೆ ಜನ ಕಮ್ಮಿ, ಅದಕ್ಕೇ ಆ ದಿನ ಇಟ್ಟುಕೊಂಡೆವು. 1753ರಲ್ಲಿ ಹುಟ್ಟಿದ ಮ್ಯೂಸಿಯಂ, ಸುಮಾರು 80 ಲಕ್ಷ ವಸ್ತುಗಳಿವೆ. ಎಲ್ಲವನ್ನೂ ನೋಡುತ್ತೇನೆ ಅಂತ ಹೊರಡಬೇಡಿ. ಮೂರು ನಾಲ್ಕು ಆರಿಸಿಕೊಳ್ಳಿ.

ಮೊದಲು ರೊಸೆಟ್ಟಾ ಕಲ್ಲು. ಕ್ರಿ.ಪೂ. 196ರ ರಾಜಾಜ್ಞೆ, ಒಂದೇ ವಿಷಯ ಮೂರು ಲಿಪಿಗಳಲ್ಲಿ. ಇದರ ಸಹಾಯದಿಂದಲೇ 1822ರಲ್ಲಿ ಶಾಂಪೋಲಿಯನ್ ಈಜಿಪ್ಟಿನ ಚಿತ್ರಲಿಪಿಯ ಬೀಗ ತೆಗೆದ. ಎಲ್ಲರೂ ಮುಂದಿನಿಂದ ಫೋಟೋ ತೆಗೆಯುತ್ತಾರೆ. ಪಕ್ಕಕ್ಕೆ ಹೋಗಿ ಅಂಚು ನೋಡಿ. 1801ರಲ್ಲಿ ಬ್ರಿಟಿಷ್ ಸೇನೆ ಈಜಿಪ್ಟಿನಲ್ಲಿ ವಶಪಡಿಸಿಕೊಂಡದ್ದು ಅಂತ ಇಂಗ್ಲಿಷ್‌ನಲ್ಲಿ ಬಣ್ಣದಿಂದ ಬರೆದದ್ದು ಇನ್ನೂ ಮಸುಕಾಗಿ ಕಾಣುತ್ತದೆ.

ಈ ಕಲ್ಲು ಫ್ರೆಂಚ್ ಸೈನಿಕರಿಗೆ ಸಿಕ್ಕಿದ್ದು 1799ರ ಜುಲೈನಲ್ಲಿ. ಶ್ರೀರಂಗಪಟ್ಟಣ ಬಿದ್ದು ಎರಡು ತಿಂಗಳು ಕಳೆದಿತ್ತು. ಇದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ. ಎರಡೂ ಒಂದೇ ಜಗಳದ ಭಾಗ. ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ. ಅಲ್ಲಿಂದ ಟಿಪ್ಪುವಿಗೆ ಬರೆದ ಪತ್ರ ಬ್ರಿಟಿಷರ ಕೈಗೆ ಸಿಕ್ಕಿತು. ಟಿಪ್ಪು ಮತ್ತು ಫ್ರೆಂಚರು ಕೂಡಿಕೊಳ್ಳುತ್ತಾರೆ ಅನ್ನುವುದನ್ನೇ ಕಾರಣ ಮಾಡಿಕೊಂಡು ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ, ಆರ್ಥರ್‌ನ ಅಣ್ಣ, ಮೈಸೂರಿನ ಮೇಲೆ ಯುದ್ಧಕ್ಕೆ ಬಂದ. ಕೋಟೆಯ ಒಡಕಿನಲ್ಲಿ ಮೊದಲು ನುಗ್ಗಿದ ಪಡೆಯ ಮುಖ್ಯಸ್ಥ ಡೇವಿಡ್ ಬೇರ್ಡ್, ಅದಕ್ಕೂ ಮೊದಲು ಹಲವು ವರ್ಷ ಶ್ರೀರಂಗಪಟ್ಟಣದಲ್ಲೇ ಸೆರೆಯಲ್ಲಿದ್ದವನು. ಅದೇ ಬೇರ್ಡ್ 1801ರಲ್ಲಿ ಭಾರತದ ಸಿಪಾಯಿಗಳನ್ನು ಕರೆದುಕೊಂಡು ಕೆಂಪು ಸಮುದ್ರದ ದಾರಿಯಾಗಿ ಈಜಿಪ್ಟಿಗೆ ಹೋದ. ಕಲ್ಲಿನ ಅಂಚಿನ ಬರಹದಲ್ಲಿರುವುದು ಅದೇ ದಂಡಯಾತ್ರೆ.

ಮುಟ್ಟಬೇಕು ಅಂದರೆ ಒಂದನೇ ಕೋಣೆಗೆ ಹೋಗಿ. ಅಲ್ಲಿ ಕಲ್ಲಿನ ನಕಲು ಇದೆ, ಯಾರೂ ತಡೆಯುವುದಿಲ್ಲ. ಅಮ್ಮ ಅಕ್ಷರಗಳ ಮೇಲೆ ಬೆರಳಾಡಿಸಿದಳು.

ಅಸ್ಸೀರಿಯಾದ ಸಿಂಹಬೇಟೆಯ ಶಿಲ್ಪಗಳು ಗೋಡೆಯುದ್ದಕ್ಕೂ ಇವೆ. ಕ್ರಿ.ಪೂ. 7ನೇ ಶತಮಾನ, ನಿನೆವೆಯ ಅರಮನೆಯವು. ಬಾಣ ನಾಟಿದ ಹೆಣ್ಣು ಸಿಂಹವೊಂದು ಹಿಂಗಾಲು ಸತ್ತುಹೋಗಿ, ಮುಂಗಾಲು ಊರಿ ಮೈ ಎಳೆಯುತ್ತಾ ಗರ್ಜಿಸುತ್ತಿದೆ. ಕೆತ್ತಿದವನ ಮನಸ್ಸು ರಾಜನ ಕಡೆಗಿಂತ ಸಿಂಹದ ಕಡೆಗೇ ಇತ್ತು ಅಂತ ನನಗೆ ಖಂಡಿತ ಅನಿಸಿತು.

ಆಂಧ್ರದ ಅಮರಾವತಿ ಸ್ತೂಪದ ಸುಣ್ಣಕಲ್ಲಿನ ಶಿಲ್ಪಗಳಿಗೆ ಬೇರೆ ಕೋಣೆ. ಬಹುಪಾಲನ್ನು 1845ರಲ್ಲಿ ಅಗೆಸಿ ತೆಗೆಸಿದ್ದು ವಾಲ್ಟರ್ ಎಲಿಯಟ್. ಕನ್ನಡದವರಿಗೆ ಈ ಹೆಸರು ಗೊತ್ತಿರಬೇಕು. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕೈಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಇವನೊಬ್ಬ. ಮುಂದೆ ನಮ್ಮ ಕಡೆಯ ಶಾಸನಗಳನ್ನು ರಾಶಿಗಟ್ಟಲೆ ಸಂಗ್ರಹಿಸಿದವನೂ ಇವನೇ.

ಶನಿವಾರ: ಗ್ರೀನಿಚ್

ದೋಣಿಯಲ್ಲಿ ಹೋದೆವು. ಗುಡ್ಡದ ಮೇಲೆ 1675ರ ವೀಕ್ಷಣಾಲಯ. ರೇಖಾಂಶ ಶುರುವಾಗುವ ಗೆರೆಯ ಮೇಲೆ ಒಂದೊಂದು ಕಾಲಿಟ್ಟು ಫೋಟೋ ತೆಗೆಸಿಕೊಳ್ಳಲು ಎಲ್ಲರೂ ನಿಲ್ಲುತ್ತಾರೆ, ನಾವೂ ನಿಂತೆವು. ಸಮುದ್ರದ ಮೇಲೆ ರೇಖಾಂಶ ಗೊತ್ತುಮಾಡಲು ಹ್ಯಾರಿಸನ್ ಮಾಡಿದ ಗಡಿಯಾರಗಳು ಒಳಗಿವೆ. ಮಧ್ಯಾಹ್ನ ಒಂದಕ್ಕೆ ಗೋಪುರದ ಮೇಲಿನ ಕೆಂಪು ಚೆಂಡು ಬೀಳುತ್ತದೆ, 1833ರಿಂದ ಹಡಗಿನವರಿಗೆ ಸಮಯ ತಿಳಿಸುವ ಗುರುತು.

ಇಲ್ಲೂ ಶ್ರೀರಂಗಪಟ್ಟಣ ಬಿಡಲಿಲ್ಲ. ಆರ್ಥರ್ ವೆಲ್ಲೆಸ್ಲಿಯ ದಳದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಅನ್ನುವವನು ಮುತ್ತಿಗೆಯ ಒಂದು ರಾತ್ರಿ ನಕ್ಷತ್ರ ನೋಡಿ, ಬೇರ್ಡ್‌ನ ತುಕಡಿ ದಿಕ್ಕು ತಪ್ಪಿ ಟಿಪ್ಪುವಿನ ಸೈನ್ಯದ ಕಡೆಗೇ ಹೋಗುತ್ತಿದೆ ಅಂತ ಎಚ್ಚರಿಸಿದ್ದನಂತೆ. ಯುದ್ಧ ಮುಗಿದ ಮೇಲೆ 1800ರಲ್ಲಿ ಅವನೇ ಬೆಂಗಳೂರಿನಲ್ಲಿ ಸರಪಳಿ ಹಿಡಿದು ಭೂಮಿ ಅಳೆಯಲು ಶುರು ಮಾಡಿದ. ಆ ಕೆಲಸವೇ ಬೆಳೆದು ಇಡೀ ಭಾರತದ ಮಹಾ ಸರ್ವೆ ಆಯಿತು.

ಭಾನುವಾರ: ವಿಂಡ್ಸರ್

ತಂಗಿ ಮನೆಯಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ. ರಾಜಮನೆತನದ ಕೋಟೆಯ ಹಜಾರದಲ್ಲಿ ಟಿಪ್ಪುವಿನ ಸಿಂಹಾಸನದ ಹುಲಿತಲೆ ಇದೆ. ಚಿನ್ನದ ತಗಡು, ಸ್ಫಟಿಕದ ಕಣ್ಣು, ಸ್ಫಟಿಕದ ಹಲ್ಲು. ನಾಲಿಗೆಯನ್ನೂ ಬಿಡಿಸಿ ಮಾಡಿದ್ದಾರೆ. ಕೊಳ್ಳೆ ಹಂಚಿಕೊಳ್ಳುವ ಭರದಲ್ಲಿ ಸಿಂಹಾಸನವನ್ನು ತುಂಡು ತುಂಡು ಮಾಡಿದರು. ಈ ತಲೆಯನ್ನು 1831ರಲ್ಲಿ ಕಂಪನಿ ರಾಜನಿಗೆ ಕೊಟ್ಟಿತು. ಅದೇ ಸಿಂಹಾಸನದ ಮೇಲಿದ್ದ ಮುತ್ತು ರತ್ನದ ಹುಮಾ ಹಕ್ಕಿಯೂ ರಾಜಮನೆತನದ ಬಳಿಯೇ ಇದೆ.

ಒಂದು ಬಾಕಿ ಉಳಿಯಿತು. ಟಿಪ್ಪು ತನ್ನ 37 ಕನಸುಗಳನ್ನು ಪರ್ಷಿಯನ್‌ನಲ್ಲಿ ಸ್ವಂತ ಕೈಯಲ್ಲಿ ಬರೆದಿಟ್ಟ ಪುಸ್ತಕ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಂಥ ಹಸ್ತಪ್ರತಿ ನೋಡಬೇಕಾದರೆ ರೀಡರ್ ಪಾಸ್ ಮಾಡಿಸಿಕೊಂಡು, ಯಾಕೆ ಬೇಕು ಅಂತ ಮೊದಲೇ ಹೇಳಬೇಕು. ತಂಗಿ ಪಾಸ್‌ಗೆ ಅರ್ಜಿ ಹಾಕಿದ್ದಾಳೆ. ಅಮ್ಮ ಈಗಲೇ ಮುಂದಿನ ಬೇಸಿಗೆಯ ಟಿಕೆಟ್ ದರ ಕೇಳುತ್ತಿದ್ದಾಳೆ.